ಹಾವು ಸಾಕುವ ಮೊದಲು... ಬುಟ್ಟಿ, ಗಡಿಗೆ, ಗಾಜಿನ ಪೆಟ್ಟಿಗೆ

ಮೊನ್ನೆ ಬೆಂಗಳೂರಿನಲ್ಲಿ ಆಫೀಸಿನ ಗೆಳೆಯನೊಬ್ಬನ ಮನೆಗೆ ಹೋಗಿದ್ದೆ. ಟಿವಿ ಇರಬೇಕಾದ ಜಾಗದಲ್ಲಿ ಒಂದು ಗಾಜಿನ ಪೆಟ್ಟಿಗೆ, ಅದರೊಳಗೆ ಸುತ್ತಿಕೊಂಡು ಮಲಗಿದ್ದ ಬಾಲ್ ಪೈಥಾನ್! ಕೈಗೆ ಕೊಟ್ಟ. ತಣ್ಣಗೆ, ನುಣ್ಣಗೆ, ಅಂದುಕೊಂಡಿದ್ದಕ್ಕಿಂತ ಭಾರ. ಐದೇ ನಿಮಿಷದಲ್ಲಿ ನನಗೂ ಒಂದು ಬೇಕು ಅನ್ನಿಸಿಬಿಟ್ಟಿತು.

ರಾತ್ರಿ ಊರಿಗೆ ಫೋನ್ ಮಾಡಿದಾಗ ಅವ್ವನಿಗೆ ಹೇಳಿದೆ. "ಏನ್? ಹಾವ್ ಸಾಕ್ತಿ? ಆ ಪಂಚಮಿ ಹಾವ್ ಮರ್ತಿ ಏನಪಾ?" ಅಂದಳು.

ಮರೆತಿರಲಿಲ್ಲ...

ನಮ್ಮದು ಸಿಂದಗಿ ತಾಲ್ಲೂಕಿನ ಒಂದು ಹಳ್ಳಿ. ನಾನಾಗ ಮೂರನೇ ಕ್ಲಾಸು. ಪಂಚಮಿ ಅಂದ್ರೆ ನಮ್ಮ ಕಡೆ ಜೋಕಾಲಿ, ಶೇಂಗಾ ಉಂಡಿ, ಜೋಳದ ಅಳ್ಳು, ತವರಿಗೆ ಬಂದ ಅಕ್ಕ-ತಂಗಿಯರ ಗದ್ದಲ. ಅವತ್ತು ಹಾವಾಡಿಗನೊಬ್ಬ ಬಾಗಿಲಿಗೆ ಬಂದ. ಬುಟ್ಟಿ ತೆಗೆದ, ಪುಂಗಿ ಊದಿದ. ಅವ್ವ ಬಟ್ಟಲಲ್ಲಿ ಹಾಲಿಟ್ಟಳು, ನಾಗಪ್ಪ ಕುಡಿದೇಬಿಟ್ಟ! "ಇನ್ನೊಂದೀಟು ಹಾಕವ್ವಾ" ಅಂತ ಕುಣಿದವನು ನಾನೇ. ಸಂಜೆ ಹನುಮಪ್ಪನ ಗುಡಿಯ ಹಿಂದೆ ಅದೇ ಹಾವು ಸತ್ತು ಬಿದ್ದಿತ್ತು. ಬಾಯಿಗೆ ಇರುವೆ ಮುತ್ತಿದ್ದವು.

ಯಾಕೆ ಸತ್ತಿತು ಅಂತ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಹಾಲು ಹಾವಿನ ಆಹಾರವೇ ಅಲ್ಲ. ಹಬ್ಬಕ್ಕೆ ಮುಂಚೆ ದಿನಗಟ್ಟಲೆ ನೀರು ಕೊಡದೆ ಇಟ್ಟರೆ, ಬಾಯಾರಿದ ಹಾವು ಎದುರಿಗೆ ಬಂದ ಏನನ್ನಾದರೂ ಕುಡಿಯುತ್ತದೆ. ಆ ಹಾಲು ಅರಗುವುದಿಲ್ಲ, ಎಷ್ಟೋ ಸಲ ಶ್ವಾಸಕೋಶಕ್ಕೂ ಇಳಿಯುತ್ತದೆ. ಇನ್ನು ವಿಷದ ಹಲ್ಲು... ಕಿತ್ತರೆ ಮತ್ತೆ ಹುಟ್ಟುತ್ತದೆ, ಹುಟ್ಟಿದಾಗೆಲ್ಲ ಕೀಳುತ್ತಾರೆ. ಬಾಯಿ ಕೀವಾಗುತ್ತದೆ. ಪುಂಗಿಗೆ ಅದು ಕುಣಿಯುವುದೂ ಇಲ್ಲ, ಎದುರಿಗೆ ಅಲ್ಲಾಡುವ ಪುಂಗಿಯನ್ನು ಹೆದರಿ ಹಿಂಬಾಲಿಸುತ್ತದೆ ಅಷ್ಟೆ. ಬುಟ್ಟಿಗೆ ಬಿದ್ದ ಹಾವಿಗೆ ವಾಪಸ್ ಹೋಗುವ ದಿನ ಅಂತ ಇರುತ್ತಿರಲಿಲ್ಲ. ಸತ್ತರೆ ಇನ್ನೊಂದು.

ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣ ಕಲ್ಲಿನ ಹಾವಿಗೂ ಜೀವದ ಹಾವಿಗೂ ನಾವು ಮಾಡುವ ಭೇದವನ್ನು 12ನೇ ಶತಮಾನದಲ್ಲೇ ಎತ್ತಿ ತೋರಿಸಿದ್ದ. ಆ ವಚನ ನಿಮಗೆಲ್ಲ ಬಾಯಿಪಾಠವೇ. ನಾವು ಅದನ್ನೂ ಮೀರಿಸಿ, ಜೀವದ ಹಾವಿಗೂ ಹಾಲು ಕುಡಿಸಿಯೇ ಕೊಂದೆವು!

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾಗರಹಾವು, ಕೆರೆಹಾವು, ಹೆಬ್ಬಾವು ಯಾವುದನ್ನೂ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಹಾವಾಡಿಗನ ಬುಟ್ಟಿಯೂ ಅಂದಿನಿಂದಲೇ ಕಾನೂನುಬಾಹಿರ. ಆದರೂ ಮೂವತ್ತು ವರ್ಷದ ಮೇಲೂ ಅದು ನಮ್ಮ ಬಾಗಿಲಿಗೆ ಬಂದಿತ್ತು ನೋಡಿ.

ಹಾಗಾದರೆ ನಮ್ಮ ನೆಲದಲ್ಲಿ ಹಾವನ್ನು ನೆಟ್ಟಗೆ ನೋಡಿಕೊಂಡವರೇ ಇಲ್ಲವೇ? ಹುಡುಕುತ್ತಾ ಹೋದಾಗ ಸಿಕ್ಕಿದ್ದು ಗಡಿಗೆ.

ನಮ್ಮ ಜಿಲ್ಲೆಗೆ ತಾಗಿಕೊಂಡೇ ಇರುವ ಸಾಂಗ್ಲಿ ಜಿಲ್ಲೆಯಲ್ಲಿ ಬತ್ತೀಸ್ ಶಿರಾಳಾ ಅಂತ ಊರಿದೆ. ಅಲ್ಲಿ ಪಂಚಮಿಗೆ ಕೆಲವು ವಾರ ಮುಂಚೆ ಜನ ಹೊಲಗಳಿಂದ ನಾಗರಹಾವು ಹಿಡಿದು ತಂದು, ಮಣ್ಣಿನ ಗಡಿಗೆಯಲ್ಲಿಟ್ಟು ಇಲಿ-ಕಪ್ಪೆ ಹಾಕುತ್ತಿದ್ದರು. ಹಲ್ಲು ಕೀಳುವುದಿಲ್ಲ ಅನ್ನುವುದು ಅವರ ಹೆಮ್ಮೆ. ಹಬ್ಬದ ದಿನ ಪೂಜೆ, ಮೆರವಣಿಗೆ. ಆಮೇಲೆ ಹಿಡಿದ ಜಾಗಕ್ಕೇ ಒಯ್ದು ಬಿಡುವುದು. ಡೋಲು, ಜನಜಂಗುಳಿಯ ನಡುವೆ ಹಾವು ಪಡುತ್ತಿದ್ದ ಪಾಡು ಸಣ್ಣದೇನಲ್ಲ. ಬಾಂಬೆ ಹೈಕೋರ್ಟಿನ 2014ರ ಆದೇಶದಿಂದ ಜೀವಂತ ಹಾವಿನ ಪೂಜೆ, ಮೆರವಣಿಗೆ ನಿಂತವು. 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಹಾವಿನ ಬಗ್ಗೆ ತಿಳಿವಳಿಕೆ ಕೊಡುವುದಕ್ಕೆಂದು 21 ಹಾವು ಹಿಡಿಯಲು ಮಾತ್ರ ಅನುಮತಿ ಕೊಟ್ಟಿತು.

ಇನ್ನೊಂದು ಗಡಿಗೆ ಚೆನ್ನೈ ಹತ್ತಿರದ್ದು. ಇರುಳರು ತಲೆಮಾರುಗಳಿಂದ ಹಾವು ಹಿಡಿಯುವವರು. ಚರ್ಮದ ವ್ಯಾಪಾರ ಕಾನೂನಿನಿಂದ ನಿಂತ ಮೇಲೆ ಹೊಟ್ಟೆಪಾಡು ಕಷ್ಟವಾಯಿತು. 1978ರಲ್ಲಿ ರೋಮುಲಸ್ ವಿಟೇಕರ್ ಜೊತೆ ಸೇರಿ ಅವರದೇ ಸಹಕಾರ ಸಂಘ ಕಟ್ಟಿಕೊಂಡರು. ಹಿಡಿದ ಹಾವನ್ನು ಬಟ್ಟೆ ಬಿಗಿದ ಗಡಿಗೆಯಲ್ಲಿ ಮೂರು ವಾರದಷ್ಟು ಇಟ್ಟುಕೊಂಡು, ಕೆಲವು ಸಲ ವಿಷ ತೆಗೆದು, ಹೊಟ್ಟೆಯ ಪೊರೆಗೆ ಗುರುತು ಮಾಡಿ ಕಾಡಿಗೆ ಬಿಡುತ್ತಾರೆ. ಗುರುತು ಯಾಕೆಂದರೆ ಅದೇ ಹಾವನ್ನು ತಕ್ಷಣ ಮತ್ತೆ ಹಿಡಿಯಬಾರದಲ್ಲ! ಆ ವಿಷದಿಂದಲೇ ಹಾವು ಕಚ್ಚಿದವರಿಗೆ ಕೊಡುವ ಔಷಧಿ ತಯಾರಾಗುತ್ತದೆ. ಒಂದೇ ಕಾಯ್ದೆ ಹಾವಾಡಿಗನ ಕಸುಬನ್ನೂ ತೆಗೆಯಿತು, ಇರುಳರ ಕಸುಬನ್ನೂ ತೆಗೆಯಿತು. ಇರುಳರಿಗೆ ಬೇರೆ ದಾರಿ ಸಿಕ್ಕಿತು. ಅವತ್ತು ನಮ್ಮ ಬಾಗಿಲಿಗೆ ಬಂದವನಿಗೆ ಸಿಕ್ಕಿರಲಿಲ್ಲ. ಅವನ ಮೇಲಿನ ನನ್ನ ಸಿಟ್ಟು ಇಳಿದದ್ದು ಇದನ್ನು ಓದಿದ ಮೇಲೆಯೇ.

ಎರಡೂ ಗಡಿಗೆಗಳಲ್ಲಿ ನಾನು ಕಂಡದ್ದು ಒಂದೇ. ಹಾವನ್ನು ಒಳಗೆ ಬಿಡುವಾಗಲೇ ಅದನ್ನು ಹೊರಗೆ ಬಿಡುವ ದಿನವೂ ಗೊತ್ತಿರುತ್ತಿತ್ತು.

ಈಗ ಗಾಜಿನ ಪೆಟ್ಟಿಗೆಗೆ ಬರೋಣ. ಬಾಲ್ ಪೈಥಾನ್ ಪಶ್ಚಿಮ ಆಫ್ರಿಕಾ ಕಡೆಯದು. ಹೆದರಿದಾಗ ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಆ ಹೆಸರು. (ನನ್ನ ಗೆಳೆಯ ಅದನ್ನೇ "ಮುದ್ದು" ಅಂದುಕೊಂಡಿದ್ದಾನೆ!) ಒಂದು ಕಡೆ ಬೆಚ್ಚಗೆ, ಇನ್ನೊಂದು ಕಡೆ ತಂಪು ಇರುವ ಗೂಡು, ಅಡಗಲು ಜಾಗ, ಗಾಳಿಯಲ್ಲಿ ತೇವ, ವಾರಕ್ಕೋ ಎರಡು ವಾರಕ್ಕೋ ಒಂದು ಇಲಿ... ಹೀಗೆ ನೋಡಿಕೊಂಡರೆ 20-30 ವರ್ಷ ಬದುಕುತ್ತದೆ. 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಇಂಥ ವಿದೇಶಿ ಪ್ರಾಣಿ ಇಟ್ಟುಕೊಂಡವರು ನೋಂದಣಿ ಮಾಡಿಸಬೇಕು. ಆದರೆ ಬರುವ ದಾರಿ ನೋಡಿ: 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಬ್ಯಾಗುಗಳಲ್ಲಿ 78 ಪ್ರಾಣಿಗಳು ಸಿಕ್ಕವು. 55 ಬಾಲ್ ಪೈಥಾನ್, 17 ಕಾಳಿಂಗ, ಮತ್ತೆ 6 ಕೋತಿಗಳು. ಕೋತಿಗಳು ಅಷ್ಟೂ ಸತ್ತಿದ್ದವು.

ಬೇಜಾರಾದರೆ ಅದನ್ನು ಎಲ್ಲಿಗೆ ಬಿಡುವುದು? ಇಂಡಿಯ ನಿಂಬೆ ತೋಟಕ್ಕೋ, ಮುದ್ದೇಬಿಹಾಳದ ಎರಿ ಹೊಲಕ್ಕೋ? ಬಿಡುವಂತೆಯೇ ಇಲ್ಲ. ಅದು ಇಲ್ಲಿಯದಲ್ಲ. ಅಂದರೆ ಗಾಜಿನದೇ ಆದರೂ ಅದೂ ಬುಟ್ಟಿಯೇ. ಮೂವತ್ತು ವರ್ಷದ ಮಾತು ಕೊಡುವ ಧೈರ್ಯ ನನಗಿಲ್ಲ. ಬೇಡ ಅಂತ ನಿರ್ಧಾರ ಮಾಡಿದೆ.

ಹೋದ ವಾರ ಊರಿಗೆ ಹೋಗಿದ್ದೆ. ಜೋಳದ ಹೊಲದ ಬದುವಿನಲ್ಲಿ ಉದ್ದನೆಯ ಕೆರೆಹಾವು. ದೊಡ್ಡಪ್ಪ ಬಡಿಗೆ ಎತ್ತಿದರು. "ಬ್ಯಾಡ್ರಿ ದೊಡ್ಡಪ್ಪಾ, ಅದಕ್ಕ ವಿಷ ಇಲ್ರಿ, ಇಲಿ ತಿಂತದ" ಅಂದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಹಂಗಾದ್ರ ಇರ್ಲಿ ಬಿಡು" ಅಂತ ಬಡಿಗೆ ಕೆಳಗಿಟ್ಟರು. ಹಾವು ನೆಲದ ಬಿರುಕಿನೊಳಗೆ ಇಳಿದು ಹೋಯಿತು.

ಅದೇ ನನ್ನ ಮೊದಲ ಸಾಕಿದ ಹಾವು ಅಂತ ಅವ್ವನಿಗೆ ಹೇಳಿದ್ದೇನೆ :-)

ನಿಮ್ಮೂರ ಕಡೆ ಪಂಚಮಿ ಹಾವಿನ ಕತೆ ಹೇಗಿತ್ತು? ನೆನಪಿದ್ದರೆ ಹೇಳಿ.