ಶ್ರುತಿಯ ಮನೆ ಬಿಟ್ಟ ಹುಡುಗ

ತಂಬೂರಿಯ ನಾದಕ್ಕೆ ಕಿವಿ ಒಗ್ಗಿದವರಿಗೆ ‘ಏಟೋನಲ್’ ಸಂಗೀತ ಸುಲಭದ ತುತ್ತಲ್ಲ. ಎಲ್ಲಿ ಅಲೆದರೂ ನಾವು ಷಡ್ಜಕ್ಕೆ ಮರಳುವವರು. ಪಾಶ್ಚಾತ್ಯರಲ್ಲೂ ಬಹುಕಾಲ ಹೆಚ್ಚುಕಡಿಮೆ ಹೀಗೆಯೇ ಇತ್ತು: ಒಂದು ಸ್ವರ ಮನೆ, ಉಳಿದವು ಅಲ್ಲಿಂದ ಹೊರಟು ಅಲ್ಲಿಗೇ ಬಂದು ಸೇರುವವು. ಆ ಮನೆಯನ್ನು ತೊರೆದವರಲ್ಲಿ ನನಗೆ ಹೆಚ್ಚು ಕುತೂಹಲ ಇರುವುದು ಗುರು ಅರ್ನಾಲ್ಡ್ ಶೋನ್‌ಬರ್ಗ್ ಬಗ್ಗೆ ಅಲ್ಲ, ಶಿಷ್ಯ ಆಲ್ಬನ್ ಬರ್ಗ್ ಬಗ್ಗೆ. (‘ಏಟೋನಲ್’ ಎಂಬ ಮಾತೇ ಗುರುವಿಗೆ ಹಿಡಿಸುತ್ತಿರಲಿಲ್ಲ. ಆದರೂ ಅದೇ ಉಳಿಯಿತು.)

1904ರ ವಿಯೆನ್ನಾ. ಬರ್ಗ್‌ಗೆ 19 ವರ್ಷ. ತಂದೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಸರ್ಕಾರಿ ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ. ಸಂಗೀತವನ್ನು ಕ್ರಮವಾಗಿ ಕಲಿಯದೆಯೇ ಹತ್ತಾರು ಹಾಡು ಕಟ್ಟಿದ್ದ. ಶೋನ್‌ಬರ್ಗ್ ಪಾಠ ಹೇಳುತ್ತಾನೆಂಬ ಜಾಹೀರಾತು ಕಂಡ ಅಣ್ಣ, ತಮ್ಮನಿಗೆ ತಿಳಿಸದೆ ಆ ಹಾಡುಗಳಲ್ಲಿ ಕೆಲವನ್ನು ಒಯ್ದು ತೋರಿಸಿದ. ಹಣವಿಲ್ಲದ ಹುಡುಗನಿಗೆ ಮೊದಲು ಉಚಿತವಾಗಿಯೇ ಪಾಠ ನಡೆಯಿತು.

ಗುರು ಕಲಿಸಿದ್ದು ಹೊಸದನ್ನಲ್ಲ. ಹಾರ್ಮನಿ, ಕೌಂಟರ್‌ಪಾಯಿಂಟ್, ಬಾಖ್, ಬ್ರಾಮ್ಸ್. ನಮ್ಮಲ್ಲಿ ಸರಳೆವರಸೆ ತಿದ್ದಿಸುವಂತೆ ವರ್ಷಗಟ್ಟಲೆ ಹಳೆಯದನ್ನೇ ತಿದ್ದಿಸಿದ. ಈ ಹುಡುಗನಿಗೆ ಹಾಡು ಬಿಟ್ಟರೆ ಬೇರೇನೂ ಬರೆಯಲು ಬರುತ್ತಿರಲಿಲ್ಲ, ವಾದ್ಯಕ್ಕೆಂದು ಒಂದು ಭಾಗವನ್ನೂ ಕಟ್ಟಲಾರದವನಾಗಿದ್ದ ಎಂದು 1910ರಲ್ಲಿ ಪ್ರಕಾಶಕನಿಗೆ ಬರೆದ ಪತ್ರದಲ್ಲಿ ಹೇಳಿಕೊಂಡ.

ನನಗೆ ಕಾಣುವಂತೆ, ಗುರು ದೋಷವೆಂದು ಎಣಿಸಿದ್ದೇ ಶಿಷ್ಯನ ಕೈ ಹಿಡಿಯಿತು. 1909–10ರ ಹೊತ್ತಿಗೆ ಬರ್ಗ್ ನಾಲ್ಕು ಹಾಡುಗಳ ಗುಚ್ಛವೊಂದನ್ನು ಬರೆದ. ಅದು ಅವನ ಎರಡನೆಯ ಓಪಸ್. ಮೊದಲ ಮೂರು ಹಾಡುಗಳ ಸಾಲಿನಾರಂಭದಲ್ಲಿ ಶ್ರುತಿಯ ಗುರುತು ಇದೆ, ಹೆಸರಿಗಾದರೂ. ನಾಲ್ಕನೆಯದರಲ್ಲಿ ಆ ಜಾಗ ಖಾಲಿ. ಮೊಂಬರ್ಟ್ ಎಂಬ ಕವಿಯ ಪದ್ಯ ಅದು: ಬಿಸಿಲ ಹುಲ್ಲುಗಾವಲು, ನೈಟಿಂಗೇಲ್ ಹಕ್ಕಿ, ಬೆಟ್ಟದಲ್ಲಿ ಹಿಮ, ಕೊನೆಗೆ ಸಾವು. ಮೂರು ನಿಮಿಷವೂ ಹಿಡಿಯದ ಹಾಡು. ಮರಳಲು ಷಡ್ಜವಿಲ್ಲದಾಗ ಸ್ವರಗಳು ಯಾವುದನ್ನು ನೆಚ್ಚಬೇಕು? ಇಲ್ಲಿ ಅವು ಮಾತನ್ನು ನೆಚ್ಚಿವೆ. ಪದ್ಯ ಎಲ್ಲಿ ಬೆಚ್ಚುತ್ತದೋ ಪಿಯಾನೋ ಅಲ್ಲಿ ಬೆಚ್ಚುತ್ತದೆ. ಪದ್ಯ ಮುಗಿದಾಗ ಹಾಡೂ ಮುಗಿಯುತ್ತದೆ. ವಾದ್ಯಕ್ಕೇ ಬರೆಯುವವನಾಗಿದ್ದರೆ ಈ ಆಸರೆ ಎಲ್ಲಿರುತ್ತಿತ್ತು?

ಮುಂದಿನ ಹೆಜ್ಜೆಗೆ ಬೆಲೆ ತೆರಬೇಕಾಯಿತು. 1913ರ ಮಾರ್ಚ್ 31ರಂದು ವಿಯೆನ್ನಾದ ಮ್ಯೂಸಿಕ್‌ಫರೈನ್ ಸಭಾಂಗಣದಲ್ಲಿ, ಶೋನ್‌ಬರ್ಗ್‌ನ ನಿರ್ದೇಶನದಲ್ಲೇ, ಬರ್ಗ್‌ನ ಐದು ಆಲ್ಟೆನ್‌ಬರ್ಗ್ ಗೀತೆಗಳಲ್ಲಿ ಎರಡನ್ನು ಹಾಡಿಸಲಾಯಿತು. ನಗು, ಕೂಗು, ಕೊನೆಗೆ ಕೈಕೈ ಮಿಲಾಯಿಸಿ ಕಛೇರಿಯೇ ನಿಂತಿತು. ಕೊನೆಗೆಂದು ಇಟ್ಟಿದ್ದ ಮಾಹ್ಲರ್‌ನ ಗೀತೆಗಳಿಗೆ ಸರದಿಯೇ ಬರಲಿಲ್ಲ. ಕೆಲವೇ ತಿಂಗಳಲ್ಲಿ ಗುರುವೂ ಶಿಷ್ಯನ ಹೊಸ ಕೃತಿಗಳನ್ನು ಕಟುವಾಗಿ ಟೀಕಿಸಿದ. 1935ರಲ್ಲಿ ಬರ್ಗ್ ತೀರಿಕೊಳ್ಳುವವರೆಗೂ ಆ ಐದು ಗೀತೆಗಳು ಒಟ್ಟಿಗೆ ವೇದಿಕೆ ಏರಲಿಲ್ಲ.