ಸಫಾರಿಯ ಹಣ, ಕಾಡಂಚಿನ ಬದುಕು: ನಾಗರಹೊಳೆ ಮತ್ತು ಪೆರಿಯಾರ್

ಬೇಸಿಗೆಯಲ್ಲಿ ಕಬಿನಿ ಜಲಾಶಯದ ನೀರು ಇಳಿದಂತೆಲ್ಲ ಹಿನ್ನೀರಿನ ಬಯಲಲ್ಲಿ ಹುಲ್ಲು ಚಿಗುರುತ್ತದೆ. ಅದನ್ನರಸಿ ನಾಗರಹೊಳೆ, ಬಂಡೀಪುರಗಳ ಆನೆಗಳು ನೂರಾರು ಸಂಖ್ಯೆಯಲ್ಲಿ ಬಂದು ಸೇರುತ್ತವೆ. 1974ರ ಅಣೆಕಟ್ಟೆಯಿಂದ ಯಾರೂ ಬಯಸದೆ ಒದಗಿದ ಈ ನೋಟವೇ ಇಂದು ಕಬಿನಿ ಸಫಾರಿಯ ಬಂಡವಾಳ. ಫಸಲಿನ ಹೊತ್ತಿಗೆ ಇದೇ ಆನೆ ಕಂದಕ ದಾಟಿ ರಾಗಿ ಹೊಲಕ್ಕೆ ಇಳಿಯುತ್ತದೆ. ಆಗ ಕಳೆದುಕೊಳ್ಳುವವನು ಸಫಾರಿಯಿಂದ ಗಳಿಸಿದವನಲ್ಲ. ಪ್ರವಾಸಿಗರಿಂದ ಕಾಡುಪ್ರಾಣಿ ಉಳಿದೀತೇ ಎಂದು ಕೇಳುವ ಮೊದಲು ಯಾರಿಗೆ ಗಳಿಕೆ, ಯಾರಿಗೆ ನಷ್ಟ ಎಂಬ ಈ ಲೆಕ್ಕವನ್ನು ನೋಡಬೇಕು ಎಂಬುದು ಪ್ರಸ್ತುತ ಲೇಖನದ ವಾದ.

ಈ ಲೆಕ್ಕಕ್ಕೆ ಎರಡು ಕಾಡುಗಳು ಉದಾಹರಣೆ. 1996ರಲ್ಲಿ ವಿಶ್ವಬ್ಯಾಂಕ್ ನೆರವಿನ ಭಾರತ ಪರಿಸರ ಅಭಿವೃದ್ಧಿ ಯೋಜನೆಗೆ ಆಯ್ಕೆಯಾದ ಏಳು ಅರಣ್ಯಗಳಲ್ಲಿ ನಾಗರಹೊಳೆಯೂ ಇತ್ತು, ಕೇರಳದ ಪೆರಿಯಾರ್ ಕೂಡ ಇತ್ತು. ಯೋಜನೆ ಒಂದೇ ಆದರೂ ಫಲ ಬೇರೆಯಾಯಿತು.

ಪೆರಿಯಾರ್‌ನಲ್ಲಿ ವಯಣ (ಕಾಡು ದಾಲ್ಚಿನ್ನಿ) ಮರದ ತೊಗಟೆಯನ್ನು ಕದ್ದು ಸಾಗಿಸುತ್ತಿದ್ದವರನ್ನೇ ಅರಣ್ಯ ಇಲಾಖೆ ಜೊತೆಗೆ ಸೇರಿಸಿಕೊಂಡಿತು. ಕಾಡಿನ ಕಳ್ಳದಾರಿಗಳು ಅವರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಅವರೇ ಸಮಿತಿ ಕಟ್ಟಿಕೊಂಡು ಪ್ರವಾಸಿಗರನ್ನು ಚಾರಣಕ್ಕೆ ಕರೆದೊಯ್ದರು, ಕಾವಲನ್ನೂ ನಡೆಸಿದರು. ಹೀಗೆ ದಾರಿ ತೋರಿಸುವ ಕೂಲಿಯೂ ಕಾಡು ಕಾಯುವ ಕೆಲಸವೂ ಒಂದೇ ಕೈಗೆ ಬಂದವು. 2004ರಲ್ಲಿ ಇದಕ್ಕೆ ಪೆರಿಯಾರ್ ಪ್ರತಿಷ್ಠಾನದ ಆಸರೆ ದೊರೆಯಿತು. ಮುಂದೆ 2006ರ ತಿದ್ದುಪಡಿಯು ವನ್ಯಜೀವಿ ಕಾಯ್ದೆಗೆ ಇಂಥದೇ ಹುಲಿ ಸಂರಕ್ಷಣಾ ಪ್ರತಿಷ್ಠಾನಗಳ ಕಲ್ಪನೆಯನ್ನು ಸೇರಿಸಿತು. ಹಾಗೆಂದು ಪೆರಿಯಾರನ್ನು ಆದರ್ಶವೆಂದು ಕೊಂಡಾಡಬೇಕಿಲ್ಲ. 2009ರಲ್ಲಿ ಅಲ್ಲಿನ ಪ್ರವಾಸಿ ದೋಣಿ ಮಗುಚಿ 45 ಜನ ಸತ್ತದ್ದನ್ನು ಮರೆಯುವಂತಿಲ್ಲ.

ನಾಗರಹೊಳೆಯಲ್ಲಿ ಆರಂಭವೇ ಎಡವಿತು. ರಾಷ್ಟ್ರೀಯ ಉದ್ಯಾನದೊಳಗಿನ ಮೂರ್ಕಲ್‌ನ ವಸತಿಗೃಹಗಳನ್ನು ಸರ್ಕಾರ ಖಾಸಗಿ ಹೋಟೆಲ್ ಸಂಸ್ಥೆಗೆ ಗುತ್ತಿಗೆ ಕೊಟ್ಟಿತು. ಆದಿವಾಸಿ ಹಾಡಿಗಳ ಜನರನ್ನು ಕಾಡಿನಿಂದ ಹೊರಗೆ ಸಾಗಿಸುವ ಮಾತು ನಡೆಯುತ್ತಿದ್ದಾಗಲೇ ಹೊರಗಿನವರಿಗೆ ಕಾಡಿನೊಳಗೆ ಹಾಸಿಗೆ ಸಿದ್ಧವಾಗುತ್ತಿತ್ತು. ಜೇನು ಕುರುಬರೂ ಇತರ ಆದಿವಾಸಿಗಳೂ ಬೀದಿಗಿಳಿದರು, ನ್ಯಾಯಾಲಯಕ್ಕೂ ಹೋದರು. ಕೇಂದ್ರದ ಪೂರ್ವಾನುಮತಿ ಇಲ್ಲದ ಆ ಗುತ್ತಿಗೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಗೆ ವಿರುದ್ಧವೆಂದು ಹೈಕೋರ್ಟ್ 1997ರಲ್ಲಿ ತೀರ್ಪಿತ್ತಿತು. ಮರುವರ್ಷ ಪರಿಸರ ಅಭಿವೃದ್ಧಿ ಯೋಜನೆಯ ವಿರುದ್ಧವೇ ವಿಶ್ವಬ್ಯಾಂಕಿನ ಪರಿಶೀಲನಾ ಮಂಡಳಿಗೆ ಆದಿವಾಸಿಗಳ ದೂರು ಹೋಯಿತು. ಮಂಡಳಿ ತನಿಖೆಗೆ ಶಿಫಾರಸು ಮಾಡಿದರೂ ಬ್ಯಾಂಕಿನ ನಿರ್ದೇಶಕರು ಒಪ್ಪಲಿಲ್ಲ.

2012ರಲ್ಲಿ ಸುಪ್ರೀಂ ಕೋರ್ಟ್ ಹುಲಿ ಅರಣ್ಯಗಳ ಒಳವಲಯದಲ್ಲಿ ಪ್ರವಾಸವನ್ನು ತಡೆಹಿಡಿದು, ಕೆಲವೇ ತಿಂಗಳಲ್ಲಿ ಷರತ್ತಿನೊಂದಿಗೆ ಸಡಿಲಿಸಿತು. ಆಗ ಬಂದ ಮಾರ್ಗಸೂಚಿಯು ಒಳವಲಯದ ಶೇ. 20ಕ್ಕಿಂತ ಹೆಚ್ಚು ಭಾಗವನ್ನು ಪ್ರವಾಸಕ್ಕೆ ಬಿಡುವಂತಿಲ್ಲ ಎನ್ನುತ್ತದೆ. ಮಿತಿ ಬೇಕಾದದ್ದೇ. ಆದರೆ ವಿಸ್ತೀರ್ಣ ಅಳೆಯುವುದು, ಜೀಪು ಎಣಿಸುವುದು ಸುಲಭ. ಟಿಕೆಟಿನ ರೂಪಾಯಿಯ ಬೆನ್ನುಹತ್ತುವುದು ಕಷ್ಟ. ಸಫಾರಿ ಶುಲ್ಕದಲ್ಲಿ ಎಷ್ಟು ಯಾವ ಹಾಡಿಗೆ, ಯಾವ ಊರಿಗೆ, ಯಾವ ಕೆಲಸಕ್ಕೆ ಹೋಯಿತು ಎಂಬುದನ್ನು ಕರ್ನಾಟಕದ ಪ್ರತಿ ಹುಲಿ ಸಂರಕ್ಷಣಾ ಪ್ರತಿಷ್ಠಾನವೂ ವರ್ಷಕ್ಕೊಮ್ಮೆ ಕನ್ನಡದಲ್ಲಿ ಅಚ್ಚು ಹಾಕಿಸಿ ಆಯಾ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಲಿ.