26 ವಾರಗಳ ಆಚೆಗೆ: ಬೆಂಗಳೂರಿನ ಗಾರ್ಮೆಂಟ್ಸ್ ತಾಯಂದಿರು ಮತ್ತು ಶಿಶುಪಾಲನೆಯ ಕಾನೂನು

ದುಡಿಯುವ ತಾಯಿಯ ಕಷ್ಟವನ್ನು ನಮ್ಮ ಕಾನೂನು ವಾರಗಳ ಲೆಕ್ಕದಲ್ಲಿ ಅಳೆಯುತ್ತ ಬಂದಿದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ, ಮೊದಲೆರಡು ಮಕ್ಕಳಿಗೆ ಸಿಗುವ ಸಂಬಳಸಹಿತ ರಜೆಯನ್ನು 12 ವಾರಗಳಿಂದ 26ಕ್ಕೆ ಏರಿಸಿತು. ಇಎಸ್‌ಐ ವ್ಯಾಪ್ತಿಯ ಕಾರ್ಮಿಕರಿಗೂ ಅಷ್ಟೇ ಅವಧಿ ಸಿಗುತ್ತದೆ. ಇದು ಸಣ್ಣ ಗಳಿಕೆಯಲ್ಲ. ಆದರೆ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ಹೊಲಿಯುವ ಹೆಂಗಸಿನ ಸಂಕಟ ಬಲಿಯುವುದು 27ನೆಯ ವಾರದಲ್ಲಿ. ಅಲ್ಲಿಂದಾಚೆಗೆ ಅವಳ ಲೆಕ್ಕವೆಲ್ಲ ಗಂಟೆಗಳದ್ದು. ಆ ಗಂಟೆಗಳನ್ನು ಕಾನೂನು ಹೇಗೆ ನೋಡಿದೆ ಎಂಬುದು ಇಲ್ಲಿನ ಪ್ರಶ್ನೆ.

1948ರ ಕಾರ್ಖಾನೆ ಕಾಯ್ದೆ 30ಕ್ಕಿಂತ ಹೆಚ್ಚು ಮಹಿಳೆಯರಿರುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುವಿಹಾರ ಇರಬೇಕೆಂದಿತ್ತು. ಹೆಣ್ಣಾಳುಗಳನ್ನು ಮಾತ್ರ ಎಣಿಸುವ ಆ ಮಿತಿ, ಮಗುವನ್ನು ತಾಯಿಯ ಲೆಕ್ಕಕ್ಕಷ್ಟೇ ಬರೆದಿತ್ತು. 2017ರ ತಿದ್ದುಪಡಿ ಗಂಡು ಹೆಣ್ಣೆನ್ನದೆ 50 ಉದ್ಯೋಗಿಗಳೆಂದಿತು. ತಾತ್ವಿಕವಾಗಿ ಇದು ಒಳ್ಳೆಯ ತಿರುವು. ಅದೇ ಕಲಮಿನಲ್ಲಿ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿಬರುವ ಅವಕಾಶ ಮಾತ್ರ ಮಹಿಳೆಯದಾಗಿಯೇ ಉಳಿಯಿತು. ಉದ್ಯೋಗಿಗಳನ್ನು ಎಣಿಸುವಾಗ ಅಪ್ಪ ಲೆಕ್ಕಕ್ಕೆ ಬರುತ್ತಾನೆ, ಅಳುವ ಮಗುವಿನ ಬಳಿಗೆ ಹೋಗುವಾಗ ಬರುವುದಿಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆ 26 ವಾರಗಳನ್ನೂ 50ರ ಮಿತಿಯನ್ನೂ ಹಾಗೆಯೇ ಮುಂದುವರಿಸಿದೆ.

ಆ ನಾಲ್ಕು ಸಲದ ಅವಕಾಶ ಹೊಲಿಗೆ ಲೈನಿನಲ್ಲಿ ಏನಾಗುತ್ತದೆ ನೋಡಬೇಕು. ಒಬ್ಬಳು ಕಾಲರ್, ಮತ್ತೊಬ್ಬಳು ಕಫ್, ಇನ್ನೊಬ್ಬಳು ತೋಳು ಕೂಡಿಸುತ್ತಾಳೆ; ಗಂಟೆಗಿಷ್ಟು ಪೀಸ್ ಎಂಬ ಟಾರ್ಗೆಟ್ ಇಡೀ ಲೈನಿನದು. ತೋಳು ಕೂಡಿಸುವವಳು ಹಾಲೂಡಿಸಲು ಎದ್ದರೆ ಅವಳ ಮಷೀನಿನ ಮುಂದೆ ಪೀಸುಗಳು ಗುಡ್ಡೆ ಬೀಳುತ್ತವೆ, ಮುಂದಿನ ಮಷೀನಿನವಳು ಕೈಕಟ್ಟಿ ಕೂರಬೇಕಾಗುತ್ತದೆ. ಸೂಪರ್‌ವೈಸರನ ಬೈಗುಳಕ್ಕಿಂತ ಪಕ್ಕದವಳ ಮುಖ ನೋಡುವುದೇ ಕಷ್ಟ. ಮಗುವಿಗೆ 15 ತಿಂಗಳು ತುಂಬುವವರೆಗೆ ಹಾಲೂಡಿಸಲು ಎರಡು ಬಿಡುವು ಕೊಡಬೇಕೆಂದು 1961ರ ಕಾಯ್ದೆಯೇ ಹೇಳಿತ್ತು. ಲೈನಿಗೊಬ್ಬ ಬದಲಿ ಟೈಲರ್ ಇಲ್ಲದೆ ಆ ಬಿಡುವು ಕಾಗದದಿಂದ ಕೆಳಗಿಳಿಯುವುದಿಲ್ಲ, ಬದಲಿಯವರ ಮಾತನ್ನೋ ಕಾಯ್ದೆ ಎತ್ತಲೇ ಇಲ್ಲ.

ಶಿಶುವಿಹಾರ ಇದ್ದರೂ ಎಳೆಗೂಸನ್ನು ಬೆಳಗಿನ ಬಸ್ಸಿನ ನೂಕುನುಗ್ಗಲಿನಲ್ಲಿ ಅಲ್ಲಿಗೆ ತರುವುದು ಯಾರಿಗೂ ಬೇಡವಾದ ಕೆಲಸ. ಅಂಗನವಾಡಿಯ ಶಾಲಾಪೂರ್ವ ತರಗತಿ ಮೂರು ವರ್ಷ ತುಂಬಿದವರಿಗೆ. ಅದು ಪಾಳಿ ಶುರುವಾದ ಮೇಲೆ ತೆರೆದು, ಪಾಳಿ ಬಿಡುವ ಮೊದಲೇ ಮುಚ್ಚುತ್ತದೆ. ಹೀಗಾಗಿ ಕೂಸು ಊರಿನಲ್ಲಿ ಅಜ್ಜಿಯ ಮಡಿಲು ಸೇರುತ್ತದೆ, ಇಲ್ಲವೇ ತಾಯಿ ಕೆಲಸ ಬಿಡುತ್ತಾಳೆ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯಲು ಕೇಂದ್ರ ಹಾಕಿದ ನಿರ್ಬಂಧದ ವಿರುದ್ಧ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಬೆಂಗಳೂರಿನ ರಸ್ತೆಗಿಳಿದದ್ದನ್ನು ಈ ಬೆಳಕಿನಲ್ಲೂ ಓದಬೇಕೆಂದು ನನಗನ್ನಿಸುತ್ತದೆ. ಕೆಲಸ ಬಿಟ್ಟ ತಾಯಿಗೆ ಕೈಯಲ್ಲಿ ಉಳಿಯುವ ಹಣ ಅದೊಂದೇ. ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು.

ಮನೆಯೊಳಗಿನ ಪಾಳಿಗೂ ಅಂಕಿ ಇದೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಿದ್ದರು.

ಕಾರ್ಖಾನೆಯ ಗೋಡೆಯೊಳಗಿನ ಶಿಶುವಿಹಾರವನ್ನೇ ನೆಚ್ಚಿ ಕೂರುವುದು ಸಾಲದು. ನರೇಗಾ ಕಾರ್ಮಿಕರ ಮಕ್ಕಳಿಗಾಗಿ ಕರ್ನಾಟಕ ಗ್ರಾಮ ಪಂಚಾಯಿತಿಗಳಲ್ಲಿ ತೆರೆದ ‘ಕೂಸಿನ ಮನೆ’ ವಸತಿಯ ಹತ್ತಿರದಲ್ಲೇ ಪಾಲನೆ ಒದಗಿಸುತ್ತದೆ. ನಗರದ ಕಾರ್ಮಿಕ ಬಡಾವಣೆಗಳಿಗೆ ಬೇಕಿರುವುದೂ ಅದೇ, ಪಾಳಿಯ ವೇಳೆಗೆ ಹೊಂದಿಕೊಂಡು. ಖರ್ಚನ್ನು ಒಂದೊಂದು ಕಾರ್ಖಾನೆಯ ಮೇಲೆ ಹೊರಿಸಿದರೆ ಮಾಲೀಕರು ತಾಯಂದಿರನ್ನು ಕೆಲಸಕ್ಕೆ ಸೇರಿಸಲು ಹಿಂಜರಿಯಬಹುದು. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ 1996ರ ಕಾಯ್ದೆಯಡಿ ಸೆಸ್ ಸಂಗ್ರಹಿಸಿದಂತೆ ಇಡೀ ಉದ್ಯಮದಿಂದ ಒಂದು ನಿಧಿ ಕೂಡಿಸಿದರೆ ಆ ಭಯ ಕಡಿಮೆಯಾಗುತ್ತದೆ. ಮಗುವನ್ನು ನೋಡಿಬರುವ ಹಕ್ಕಿನ ಕಲಮಿಗೆ ತಂದೆಯನ್ನೂ ಸೇರಿಸುವುದಕ್ಕೆ ಯಾವ ನಿಧಿಯೂ ಬೇಕಿಲ್ಲ.